ಏರು ಬಂದಾಗ ಇಳಿಯುವವರು

ಸಕೀನಾ ಖಾಲಾಳ ಗೂಡ್ಸ್ ಆಟೋಕ್ಕೆ ಹಿಂದಿನಿಂದ ಹಾರ್ನ್ ಹೊಡೆಯುವ ಧೈರ್ಯ ಟಿಕೋಟಾದಲ್ಲಿ ಯಾರಿಗೂ ಇಲ್ಲ. ಹೊಡೆದವರು ಅವಳ ಬಾಯಿಗೆ ಸಿಕ್ಕು, ಮುಂದಿನ ಹಳ್ಳಿ ಬರುವವರೆಗೂ ತಲೆ ಎತ್ತಿದ್ದಿಲ್ಲ. ಅವಳ ಅಪ್ಪ ದಾದಾಸಾಬ ವಿಜಯಪುರದ ಸ್ಟೇಷನ್ ಮುಂದೆ ಟಾಂಗಾ ಹೊಡೆಯುತ್ತಿದ್ದವರು. ಅಪ್ಪನ ಪಕ್ಕ ಕುಳಿತು ಲಗಾಮು ಹಿಡಿದು ಬೆಳೆದ ಹುಡುಗಿ ಟಿಕೋಟಾಕ್ಕೆ ಸೊಸೆಯಾಗಿ ಬಂದಳು. ಗಂಡನ ಮೊಣಕಾಲು ಕೈಕೊಟ್ಟ ಮೇಲೆ ಅವನ ಆಟೋದ ಹ್ಯಾಂಡಲ್ ಹಿಡಿದವಳು ಇನ್ನೂ ಬಿಟ್ಟಿಲ್ಲ. ಘೋಣಸಗಿಯ ತೋಟಗಳ ದ್ರಾಕ್ಷಿ ಹೊತ್ತು ದಿನಾ ಬೆಳಿಗ್ಗೆ ವಿಜಯಪುರಕ್ಕೆ ಹೋಗುತ್ತಾಳೆ.

ಅದರಲ್ಲೇ ಪುಕ್ಕಟೆ ಪ್ರಯಾಣಿಕ ಅವಳ ಅಕ್ಕನ ಮಗ ಆಸಿಫ; ಅವನಿಗೆ ಅವಳು ಖಾಲಾ, ಅಂದರೆ ಚಿಕ್ಕಮ್ಮ. ಸ್ಟೇಷನ್ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಬಿಚ್ಚಿಸಿದ ಸೀರೆಗಳನ್ನು ಮತ್ತೆ ಮಡಚುವುದು ಅವನ ನೌಕರಿ. ಜಗತ್ತು ತನ್ನಿಂದ ನಡೆದಿದೆ ಎಂಬ ಭ್ರಮೆ ಅವನಿಗೂ ಇರಲಿಲ್ಲ. ಆದರೆ ಫೋನಿನಲ್ಲಿ ಓದಿ ಪೆಟ್ರೋಲಿನ ಪಂಡಿತನಾಗಿದ್ದ. ಸಮುದ್ರದಾಚೆಯ ಕಚ್ಚಾತೈಲ, ಡಾಲರು, ಎರಡೂ ಸರ್ಕಾರಗಳ ತೆರಿಗೆ, ಡಿಪೋದಿಂದ ಪಂಪಿನವರೆಗೆ ಟ್ಯಾಂಕರಿನ ಬಾಡಿಗೆ, ಎಲ್ಲ ಕೂಡಿ ದರವಾಗುತ್ತದೆ. ಅದಕ್ಕೇ ಊರಿಂದೂರಿಗೆ ಪೈಸೆ ವ್ಯತ್ಯಾಸ, ಗಡಿ ದಾಟಿ ಮಹಾರಾಷ್ಟ್ರದ ಜತ್ತಕ್ಕೆ ಹೋದರೆ ರೂಪಾಯಿಗಳದೇ ವ್ಯತ್ಯಾಸ ಎಂದು ದಾರಿಯುದ್ದಕ್ಕೂ ಖಾಲಾಗೆ ಪಾಠ ಮಾಡುತ್ತಿದ್ದ. ಕುದುರೆಗೆ ಹುಲ್ಲಿನ ರೇಟು ಕಟ್ಟಿಕೊಂಡು ಏನಾಗಬೇಕು ಎಂದು ಅವಳು ರಸ್ತೆ ನೋಡುತ್ತಿದ್ದಳು.

ಒಂದು ಸಂಜೆ ಗಾಡಿಗೆ ಪೆಟ್ರೋಲ್ ಹಾಕಿಸಿಕೊಂಡು ಬಾ ಎಂದು ಅವನನ್ನು ಕಳಿಸಿದಳು. ಬೆಳಗಾದರೆ ದರ ಇಳಿಯುತ್ತದೆ ಎಂದು ಫೋನು ಹೇಳಿತು. ಆಸಿಫ ಫೋನಿನ ಮಾತು ಕೇಳಿದ.

ದರವೇನೋ ಇಳಿಯಿತು. ಬೆಳಿಗ್ಗೆ ಹೋದರೆ ಪಂಪಿಗೆ ಅಡ್ಡ ಹಗ್ಗ ಕಟ್ಟಿತ್ತು. ಹಳೇ ದರದಲ್ಲಿ ಮಾಲು ತುಂಬಿಸಿಕೊಂಡು ಹೊಸ ದರಕ್ಕೆ ಮಾರಿದರೆ ಲುಕ್ಸಾನು ಎಂದು ಯಜಮಾನ ಬಸಗೊಂಡಪ್ಪನೂ ಟ್ಯಾಂಕರ್ ತರಿಸುವುದನ್ನು ಮುಂದೂಡಿದ್ದ. ತನ್ನಷ್ಟೇ ಶಾಣ್ಯಾ ಊರಲ್ಲಿ ಇನ್ನೊಬ್ಬನಿದ್ದಾನೆಂದು ಆಸಿಫನಿಗೆ ಆಗ ತಿಳಿಯಿತು. ಸುತ್ತಲೂ ಜನ ಬೈಕುಗಳನ್ನು ಮಗ್ಗುಲಿಗೆ ಮಲಗಿಸಿ ಟ್ಯಾಂಕಿನ ತಳದ ಹನಿಗಳನ್ನು ಎಬ್ಬಿಸುತ್ತಿದ್ದರು. ಬಸ್ಸು ಆಗಲೇ ಹೋಗಿತ್ತು.

ಆಟೋದ ಮುಂದಿನ ಸೀಟಿನಲ್ಲಿ ಆಸಿಫನ ತಂಗಿ ಮಿನಾಜ ಪುಸ್ತಕ ಮುಚ್ಚಿ ಕುಳಿತಿದ್ದಳು. ಅವತ್ತು ವಿಜಯಪುರದಲ್ಲಿ ಅವಳ ನರ್ಸಿಂಗ್ ಕೋರ್ಸಿನ ಕೊನೆಯ ಪರೀಕ್ಷೆ. ಗೇಟು ಮುಚ್ಚಿದರೆ ಒಂದು ವರ್ಷ ಹೋದಂತೆ.

ಸಕೀನಾ ಟ್ಯಾಂಕಿನ ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿ, ಕಿವಿಗೊಟ್ಟಳು. ಆಸಿಫನನ್ನು ಬೈಯಲಿಲ್ಲ. ಅವನಿಗೆ ಹೆದರಿಕೆಯಾದದ್ದು ಅದಕ್ಕೇ.

"ಗೌಡ್ರ, ನನ್ನ ದ್ರಾಕ್ಷಿ ನಿಮ್ಮ ನೆಳ್ಳಾಗ ಇಳಸ್ತೇನಿ. ನಾ ಬರೂತನಾ ಕಾಯ್ರಿ."

"ನಾ ದ್ರಾಕ್ಷಿ ಕಾಯಾವೇನಬೇ?" ಎಂದ ಬಸಗೊಂಡಪ್ಪ.

"ಎಣ್ಣಿ ಇಲ್ಲದ ಪಂಪ ಕಾಯಾಕತ್ತೀರಲ್ಲರಿ. ಅದಕ್ಕಿಂತ ಇದು ಛಲೋ."

ಭಾರ ಇಳಿಯಿತು. ಟಾಯರುಗಳಿಗೆ ಗಾಳಿ ತುಂಬಿಸಿದಳು. ಅದೊಂದು ಮಾತ್ರ ಪಂಪಿನಲ್ಲಿ ಸ್ಟಾಕ್ ಇತ್ತು. ಆಸಿಫ ಹಿಂದೆ ಖಾಲಿ ತೊಟ್ಟಿಯಲ್ಲಿ ನಿಂತ. ಗಾಡಿ ಹೊರಟಿತು. ಫೋನು ಜೇಬಿನಲ್ಲಿದ್ದದ್ದರಿಂದ ಅವನು ಮೊದಲ ಸಲ ಖಾಲಾಳ ಕೈ ನೋಡಿದ. ದೂರದಲ್ಲಿ ಎಮ್ಮೆಗಳು ರಸ್ತೆಗೆ ಇಳಿಯುವುದರೊಳಗೆ ಅವಳ ಮಣಿಕಟ್ಟು ಸಡಿಲಾಗಿತ್ತು. ಗಾಡಿ ತಾನಾಗಿ ನಿಧಾನವಾಯಿತು, ಅಲ್ಲಿಗೆ ತಲುಪುವಷ್ಟರಲ್ಲಿ ಎಮ್ಮೆಗಳು ದಾಟಿದ್ದವು. ನಿಲ್ಲಲಿಲ್ಲ, ಜಗ್ಗಲಿಲ್ಲ. ನೀರು ಹರಿದಂತೆ ಹೋಯಿತು.

ಮೊದಲ ಏರು ಬಂತು. ಅವಳು ಹಿಂದಿರುಗಿ ನೋಡದೆ ಹೇಳಿದಳು:

"ಇಳಿ. ಟಾಂಗಾದಾಗ ಏರು ಬಂದ್ರ ಗಟ್ಟಿ ಇದ್ದಾವ್ರು ಇಳೀತಿದ್ರು. ನೀ ಗಟ್ಟಿ ಇದ್ದೀಯೋ ಇಲ್ಲೋ, ಇಳಿ."

ಹೆದ್ದಾರಿಯಲ್ಲಿ ಖಾಲಿ ಆಟೋದ ಹಿಂದೆ ಓಡುವ ಸೀರೆ ಅಂಗಡಿಯ ನೌಕರನನ್ನು ಕಬ್ಬಿನ ಟ್ರ್ಯಾಕ್ಟರಿನವರು ಹಲ್ಲು ಕಿರಿದು ನೋಡಿದರು. ನೆತ್ತಿಯಲ್ಲಿ ಗಾಡಿ ನಿಧಾನವಾದಾಗ ಹಾರಿ ಹತ್ತಿದ. ಇಳುಕಲಿನಲ್ಲಿ ಎಂಜಿನ್ ಬಂದ್ ಮಾಡಿದರೆ ಎಣ್ಣೆ ಉಳಿಯುತ್ತದಲ್ಲ ಎಂದು ಪಂಡಿತ ಬಾಯಿ ತೆರೆದ. ಇಳುಕಲಿನಲ್ಲಿ ಲಗಾಮು ಬಿಟ್ಟವನು ಟಾಂಗಾದವನೇ ಅಲ್ಲ ಎಂದು ಅವಳು ಗೇರಿನಲ್ಲೇ ಗಾಡಿಯನ್ನು ಮೆಲ್ಲಗೆ ಇಳಿಸಿದಳು.

ಕೊನೆಯ ಏರಿನ ಬುಡದಲ್ಲಿ ಎಂಜಿನ್ ಒಮ್ಮೆ ಕೆಮ್ಮಿತು. ಮಿನಾಜ ಕಣ್ಣು ಮುಚ್ಚಿದಳು.

"ಈ ಸಲ ಹತ್ತಸ್ಕೊಳ್ಳಾಕ ನಿಧಾನ ಮಾಡಾಂಗಿಲ್ಲ ನೋಡಲೇ," ಎಂದಳು ಸಕೀನಾ.

ಅವನು ಇಳಿದ. ಓಡಲು ನೋಡಿದ, ಆಗಲಿಲ್ಲ. ಏದುಸಿರು ಬಿಡುತ್ತ ನೆತ್ತಿ ಮುಟ್ಟಿದಾಗ ಕೆಳಗೆ ಇಡೀ ರಸ್ತೆ ಕಂಡಿತು. ಅದರ ತುದಿಯಲ್ಲಿ ಮಂಜಿನೊಳಗೆ ವಿಜಯಪುರ, ಅದರ ಮೇಲೆ ಗೋಳಗುಮ್ಮಟದ ಬೆನ್ನು. ನಡುವೆ ಲಾರಿಗಳು, ಬಸ್ಸುಗಳು ಬ್ರೇಕಿನ ಕೆಂಪು ದೀಪ ಹೊತ್ತಿಸುತ್ತ, ಆರಿಸುತ್ತ ಜಗ್ಗಾಡುತ್ತಿದ್ದವು. ಅವುಗಳ ಸಂದಿಯಲ್ಲಿ ಒಂದು ಪುಟ್ಟ ಆಟೋ ಹೋಗುತ್ತಿತ್ತು. ಅದರ ಕೆಂಪು ದೀಪ ಒಮ್ಮೆಯೂ ಹೊತ್ತಲಿಲ್ಲ. ಯಾವುದೋ ಸಮುದ್ರದ ತಳದಿಂದ ಎದ್ದು, ಹಡಗು ಹತ್ತಿ, ಟ್ಯಾಂಕರಿನಲ್ಲಿ ಕುಲುಕಿ ಬಂದ ಎಣ್ಣೆಯ ಕೊನೆಯ ಚಮಚ ಅದರೊಳಗಿತ್ತು. ಅಷ್ಟು ದೂರ ಬಂದದ್ದು ಸಾರ್ಥಕವಾಯಿತು ಎನ್ನುವಂತೆ ಒಂದು ಕೈ ಅದನ್ನು ಹನಿಹನಿಯಾಗಿ ನಡೆಸುತ್ತಿತ್ತು. ಆಸಿಫ ಕೈ ಕಟ್ಟಿಕೊಂಡು ನಿಂತ. ಆಟೋ ಚುಕ್ಕಿಯಾಗಿ ಊರೊಳಗೆ ಸೇರುವವರೆಗೂ ಅವನಿಗೆ ಉಸಿರು ತಿರುಗಲಿಲ್ಲ.

ಬಹಳ ಹೊತ್ತಿನ ಮೇಲೆ ಫೋನು ಬಡಿದುಕೊಂಡಿತು.

"ಮಿನಾಜ ಒಳಗ ಹೋಗ್ಯಾಳ. ಗಾಡಿ ಗೇಟಿನ ಮುಂದ ಉಸರ ಬಿಟ್ಟೈತಿ. ನೀ ನಡಕೋತ ಬಾ, ಬರೂವಾಗ ಎಣ್ಣಿ ತೊಗೊಂಡ ಬಾ. ಇವತ್ತ ರೇಟ್ ಕಡಿಮಿ ಆಗೈತಂತಲ್ಲ."

ಅವನು ಆ ದಾರಿಯನ್ನೆಲ್ಲ ನಡೆದ. ಈಗ ಮಿನಾಜ ಬಬಲೇಶ್ವರದಲ್ಲಿ ನರ್ಸು. ಆಸಿಫ ಇನ್ನೂ ಸೀರೆ ಮಡಚುತ್ತಾನೆ, ಇನ್ನೂ ಖಾಲಾಳ ಆಟೋದಲ್ಲೇ ಹೋಗುತ್ತಾನೆ. ಏರು ಬಂದರೆ ಹೇಳಿಸಿಕೊಳ್ಳದೆ ಇಳಿಯುತ್ತಾನೆ, ಟ್ಯಾಂಕು ತುಂಬಿದ್ದರೂ.