ತುರುಬು ಕಟ್ಟಿಕೊಂಡ ಕಾರು

ತಾವು ಕೈಯಿಟ್ಟದ್ದೆಲ್ಲ ಸುಧಾರಿಸುತ್ತದೆ ಎಂಬ ಭ್ರಮೆ ನಮ್ಮ ಯಜಮಾನರಿಗೆ ಹುಟ್ಟಿನಿಂದ ಬಂದದ್ದು. ಹೊಳೆನರಸೀಪುರದಲ್ಲಿ ಅವರು ರಸ್ತೆ ಕೆಲಸದ ಓವರ್‌ಸಿಯರ್. ಅವರ ಉಸ್ತುವಾರಿಯಲ್ಲಿ ಹಾಕಿದ ರಸ್ತೆಗಳು ಮೊದಲ ಮಳೆಗೇ ಎದ್ದುಹೋಗುತ್ತಿದ್ದವು. ಆದರೆ ಮನೆಯಲ್ಲಿ ಯಾವ ಸಾಮಾನೂ ಇದ್ದ ಹಾಗೆ ಇರುವುದನ್ನು ಅವರು ಸಹಿಸುತ್ತಿರಲಿಲ್ಲ. ಬಾವಿಯ ರಾಟೆಗೆ ಹಲ್ಲಿನ ಚಕ್ರ ಕೂರಿಸಿ, ಕೊಡ ಅರ್ಧ ಬಾವಿಯಲ್ಲೇ ನೇತಾಡುವ ಹಾಗೆ ಮಾಡಿಟ್ಟರು. ಗೋಡೆ ಗಡಿಯಾರ ಬಿಚ್ಚಿ ಜೋಡಿಸಿ, ಮಿಕ್ಕ ತಿರುಪುಗಳನ್ನು ನನಗೆ ತೋರಿಸಿ, "ನೋಡು, ಇಷ್ಟೂ ದಂಡಕ್ಕೆ ಹಾಕಿದ್ರು" ಎಂದರು. ಆ ಗಡಿಯಾರ ಮತ್ತೆ ಓಡಲಿಲ್ಲ. ಇಂಥವರ ಕೈಗೆ ನಮ್ಮಪ್ಪನ ಕಾರು ಸಿಕ್ಕಿತು.

ಅಪ್ಪ ಅರಕಲಗೂಡಿನಲ್ಲಿ ಡಾಕ್ಟರು. ಯಾವುದೋ ಎಸ್ಟೇಟಿನ ಸಾಹೇಬನಿಂದ ಕೊಂಡ ಪುಟ್ಟ ಕಾರಿನಲ್ಲಿ ಸುತ್ತಲ ಹಳ್ಳಿಗಳಿಗೆ ಹೋಗಿಬರುತ್ತಿದ್ದರು. ಕಾಲು ಮಡಿಚಿ ಕೂತರೆ ನಾಲ್ಕು ಜನಕ್ಕೆ ಸಾಕಾಗುವಂಥ ಕಾರು. ಏರಿನಲ್ಲಿ ಎತ್ತಿನ ಗಾಡಿಯ ಜೊತೆಗೇ ಹೋಗುತ್ತಿತ್ತು. ಆದರೆ ಎಲ್ಲಿಯೂ ಕೈಕೊಟ್ಟದ್ದಿಲ್ಲ. ಹೊಗೆಸೊಪ್ಪಿನ ಹೊಲಗಳ ನಡುವೆ ಅದರ ಸದ್ದು ಕೇಳಿದರೆ ಡಾಕ್ಟರು ಬಂದರೆಂದು ಜನ ಬಾಗಿಲಿಗೆ ಬರುತ್ತಿದ್ದರು. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದು ಓಡಿಸಲಾಗದೆ ಹೋದಾಗ ನಮ್ಮ ಯಜಮಾನರು ತಾವಾಗಿಯೇ ಮುಂದೆ ಬಂದರು. ಕಾರು ತಮ್ಮ ಹತ್ತಿರ ಇರಲಿ, ಭಾನುವಾರ ಭಾನುವಾರ ಬಂದು ಮಾವನವರನ್ನು ಹಳ್ಳಿಗಳಿಗೆ ಕರೆದುಕೊಂಡು ಹೋಗುತ್ತೇನೆ ಎಂದರು. ಎರಡು ಭಾನುವಾರ ಹೋದರು. ಆಮೇಲೆ ಕಾರು ತೀರಾ ನಿಧಾನ, ಮರ್ಯಾದಸ್ಥರು ಕೂರುವಂಥದ್ದಲ್ಲ ಎನ್ನತೊಡಗಿದರು.

"ಗಾಡಿ ನಿಧಾನ ಅಂತ ಯಾವ ರೋಗೀನೂ ದೂರು ಹೇಳಿಲ್ಲ, ಅಳಿಯಂದಿರೇ" ಎಂದರು ಅಪ್ಪ.

"ನಿಮ್ಮ ಕಾಲ ಬೇರೆ, ಮಾವ. ಈಗ ಟರ್ಬೊ ಕಾಲ."

ಟರ್ಬೊ ಎಂಬ ಮಾತನ್ನು ಅವರು ಹಾಸನದ ಟ್ರಾವೆಲರ್ಸ್ ಬಂಗಲೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದರು. ಊಟಕ್ಕೆ ಕೂತಾಗಲೆಲ್ಲ ನನಗೆ ಅದರ ಪಾಠ ನಡೆಯುತ್ತಿತ್ತು. ಎಂಜಿನ್ನು ಬಿಡುವ ಹೊಗೆ ಸುಮ್ಮನೆ ಪೋಲಾಗುತ್ತದೆ. ಆ ಹೊಗೆ ಹೋಗುವ ದಾರಿಯಲ್ಲಿ ಒಂದು ಚಕ್ರ ಇಟ್ಟರೆ ಅದು ಗಿರ್ರನೆ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಗೆ ಫ್ಯಾನು ಕೂರಿಸಿದರೆ ಅದು ಎಂಜಿನ್ನಿಗೆ ಗಾಳಿ ತುರುಕುತ್ತದೆ. ಗಾಳಿ ಹೆಚ್ಚಿದರೆ ಪೆಟ್ರೋಲು ಹೆಚ್ಚು ಉರಿಯುತ್ತದೆ, ಕಾರು ಹಾರುತ್ತದೆ. ಕೇಳಲು ಚೆನ್ನಾಗಿತ್ತು. ಇದನ್ನೆಲ್ಲ ಮಾಡುವವರು ಇವರು ಎಂಬುದೊಂದೇ ಅದರಲ್ಲಿದ್ದ ತೊಡಕು.

ಫ್ಯಾನನ್ನು ಕುಲುಮೆಗೆ ಗಾಳಿ ಊದುವ ಹಳೆಯ ಕೈಯಂತ್ರದಿಂದ ಕಿತ್ತು ತಂದರು. ಹೊಗೆಯ ಚಕ್ರವನ್ನು ಹಾಸನದ ಲೇತ್ ಅಂಗಡಿಯಲ್ಲಿ ಕಡೆಸಿದರು. ಎರಡನ್ನೂ ಮುಚ್ಚಲು ಗುಂಡಗಿನ ಗೂಡು ಬೇಕಾಯಿತು. ಒಂದು ಮಧ್ಯಾಹ್ನ ನಾನು ಹಿತ್ತಲಿನಿಂದ ಒಳಗೆ ಬಂದರೆ, ನನ್ನ ತವರಿನವರು ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಬೋಗುಣಿಗಳು ಅಡಿಗೆಮನೆಯಲ್ಲಿ ಇರಲಿಲ್ಲ. ಜಗಲಿಯ ಮೇಲೆ ಅವುಗಳ ತಳಕ್ಕೆ ತೂತು ಬಿದ್ದಿತ್ತು.

"ರೀ, ಕೇಳಬಾರದಿತ್ತಾ?"

"ಸಾರು ಮಾಡೋಕೆ ಅಲ್ಯೂಮಿನಿಯಂ ಇದೆಯಲ್ಲ. ವಿಜ್ಞಾನಕ್ಕೆ ಹಿತ್ತಾಳೇನೇ ಬೇಕು" ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಬೋಗುಣಿಗಳನ್ನು ಬಾಯಿಗೆ ಬಾಯಿ ಸೇರಿಸಿ, ಅವಕ್ಕೆ ಪಂಪಿನ ಪೈಪು ಬೆಸೆದು, ಎಂಜಿನ್ನಿನ ಮೇಲೆ ಕೂರಿಸಿದಾಗ ಬಾನೆಟ್ಟು ಮುಚ್ಚಲಿಲ್ಲ. ಅದಕ್ಕಾಗಿ ಬಾನೆಟ್ಟಿನ ನಡುವೆಯೇ ತಗಡು ಕತ್ತರಿಸಿ ಕಿಂಡಿ ಮಾಡಿದರು. ಹಿತ್ತಾಳೆಯ ಗುಂಡು ಅಲ್ಲಿಂದ ಮೇಲೆದ್ದು ನಿಂತಿತು. ಹಿಂದಿನ ಗಾಜಿನ ಕೆಳಗೆ ಪೇಂಟರನಿಂದ 'ಟರ್ಬೊ' ಎಂದು ದಪ್ಪಕ್ಷರದಲ್ಲಿ ಬರೆಸಿದರು. ಬಾವಿಗೆ ಹೊರಟಿದ್ದ ನೆರೆಮನೆಯ ಅಜ್ಜಿ ನಿಂತು ಕಾರಿನ ಸುತ್ತ ಒಂದು ಸುತ್ತು ಬಂದು, ಮೊಮ್ಮಗಳಿಂದ ಆ ಹೆಸರು ಓದಿಸಿಕೊಂಡು, "ಓ, ತುರುಬಾ! ಅದ್ಕೇಯಾ ತಲೆ ಮ್ಯಾಲೆ ಗಂಟು ಕಟ್ಕಂಡೈತೆ" ಎಂದಳು. ಅಂದಿನಿಂದ ಹೊಳೆನರಸೀಪುರಕ್ಕೆಲ್ಲ ಅದು ತುರುಬಿನ ಕಾರಾಯಿತು.

ಅವರಿಗೆ ಇದರಿಂದ ನಾಚಿಕೆಯಾಗಲಿಲ್ಲ. ಅವರ ಜೊತೆ ಸಂಜೆ ಇಸ್ಪೀಟು ಆಡುತ್ತಿದ್ದ ಒಬ್ಬ ವಕೀಲರು, ಒಬ್ಬ ಹೊಗೆಸೊಪ್ಪಿನ ವ್ಯಾಪಾರಿ ದಿನಾ ನಮ್ಮ ಜಗಲಿಗೆ ಬಂದು ನನ್ನ ಕೈಯ ಕಾಫಿ ಕುಡಿದು, "ನೀವು ಜರ್ಮನಿಯಲ್ಲಿ ಹುಟ್ಟಬೇಕಾಗಿತ್ತು" ಎಂದು ಹೇಳಿಹೋಗುತ್ತಿದ್ದರು. ಇಬ್ಬರಿಗೂ ಎಂಜಿನ್ನು ಯಾವ ಕಡೆ ಇರುತ್ತದೆಂಬುದೂ ತಿಳಿಯದು. ಜರ್ಮನಿಗೆ ಆದ ನಷ್ಟವನ್ನು ನೆನೆದು ಇವರು ಎದೆಯುಬ್ಬಿಸಿಕೊಂಡು ಓಡಾಡಿದರು. ಕೊನೆಗೆ, ಹಾಸನದಿಂದ ಬೆಂಗಳೂರಿಗೆ ಹೋಗುವ ಬಸ್ಸನ್ನು ಚನ್ನರಾಯಪಟ್ಟಣ ತಲುಪುವುದರೊಳಗೇ ಹಿಂದೆ ಹಾಕುತ್ತೇನೆಂದು ಅವರ ಮುಂದೆ ಸವಾಲು ಹಾಕಿದರು.

ಚನ್ನರಾಯಪಟ್ಟಣದಲ್ಲಿ ನನ್ನ ಸೋದರತ್ತೆ ಕಾಯಿಲೆ ಮಲಗಿದ್ದಳು. ತಂಗಿಯನ್ನು ನೋಡಲು ಅಪ್ಪ ಹೊರಟಿದ್ದರು. "ಬಸ್ಸಲ್ಲಿ ಯಾಕೆ ಒದ್ದಾಡ್ತೀರಿ ಮಾವ, ನಾನಿಲ್ವೆ?" ಎಂದು ಇವರು ನಮ್ಮಿಬ್ಬರನ್ನೂ ಹಿಂದೆ ಕೂರಿಸಿಕೊಂಡರು. ಹಾಸನದ ಬಸ್‌ಸ್ಟ್ಯಾಂಡಿನ ಎದುರು ಬಸ್ಸು ಹೊರಡುವವರೆಗೂ ಕಾದು, ಅದನ್ನು ದೊಡ್ಡತನದಿಂದ ಸ್ವಲ್ಪ ದೂರ ಮುಂದೆ ಹೋಗಲು ಬಿಟ್ಟರು. ಅತ್ತೆಯ ಕಾಯಿಲೆ ಅವರ ನೆನಪಿನಲ್ಲೇ ಇರಲಿಲ್ಲ.

ಶಾಂತಿಗ್ರಾಮ ದಾಟುವವರೆಗೂ ಕಾರು ಎಂದಿನ ಹಾಗೆಯೇ ಹೋಯಿತು. ಬಸ್ಸಿನ ಧೂಳು ನಮ್ಮ ಮೂಗಿಗೆ ಬರುತ್ತಿತ್ತು. ಆಮೇಲೆ ನೆಟ್ಟನೆಯ ರಸ್ತೆ ಸಿಕ್ಕಿ ಅವರು ಕಾಲು ಒತ್ತಿ ಹಿಡಿದರು. ಹಿತ್ತಾಳೆಯೊಳಗಿಂದ ಸಣ್ಣ ಶಿಳ್ಳೆ ಎದ್ದಿತು. ಅದು ಏರುತ್ತ ಏರುತ್ತ ಹೋದಂತೆ, ಯಾರೋ ಹಿಂದಿನಿಂದ ನೂಕಿದ ಹಾಗೆ ಕಾರು ಮುನ್ನುಗ್ಗಿತು. ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ಬಸ್ಸಿನ ಕಿಟಕಿಗಳಲ್ಲಿ ಬಾಯಿ ತೆರೆದ ಮುಖಗಳು ಒಂದೊಂದಾಗಿ ಹಿಂದೆ ಸರಿದವು.

"ಏನಮ್ಮ, ಬಸ್ಸು ಎಲ್ಲಿ?" ಎಂದರು ಅಪ್ಪ, ನನ್ನ ಕೈ ಹಿಡಿದುಕೊಂಡು.

"ಹಿಂದೆ ಬಿತ್ತಪ್ಪ."

ಕಣ್ಣು ಕಾಣದ ಅಪ್ಪ ಕಿಟಕಿಯ ಗಾಳಿಗೆ ಮುಖ ಒಡ್ಡಿ ನಕ್ಕುಬಿಟ್ಟರು. ನಾನೂ ನಕ್ಕೆ. ಅಷ್ಟು ದೂರ ಆ ಯಂತ್ರ ನಿಜವಾಗಿ ಕೆಲಸ ಮಾಡಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಯಜಮಾನರು ಸ್ಟೀರಿಂಗಿನಿಂದ ಒಂದು ಕೈ ತೆಗೆದು ಮೀಸೆ ತಿರುವಿದರು.

ಶಿಳ್ಳೆ ಹೋಗಿ ಕಿರುಚಾಟವಾಯಿತು. ಬಾನೆಟ್ಟಿನ ಮೇಲೆ ಢಮ್ ಎಂದಿತು. ಬೋಗುಣಿಯ ಮೇಲಿನ ಅರ್ಧ ಹಾರಿ ರಸ್ತೆ ಪಕ್ಕದ ಹೊಲಕ್ಕೆ ಹೋಯಿತು. ಕಾರಿನೊಳಗೆಲ್ಲ ಕಪ್ಪು ಹೊಗೆ. ಎಂಜಿನ್ನಿನೊಳಗೆ ಕಲ್ಲು ಅರೆದಂಥ ಸದ್ದಾಗಿ ಕಾರು ನಿಂತಿತು. ಬಿಸಿಗೆ ಅಚ್ಚು ಕಚ್ಚಿಕೊಂಡು ಫ್ಯಾನಿನ ರೆಕ್ಕೆ ಮುರಿದು, ಅದರ ಚೂರುಗಳನ್ನು ಎಂಜಿನ್ನು ನುಂಗಿತ್ತೆಂದು ಆಮೇಲೆ ತಿಳಿಯಿತು.

ನಾನು ಅಪ್ಪನನ್ನು ಕೆಳಗಿಳಿಸಿ ಅವರ ಮುಖ ಒರೆಸಿದೆ. ನಮಗೇನಾದರೂ ಆಯಿತೇ ಎಂದು ಇವರು ಕೇಳಲಿಲ್ಲ. ಇಳಿದವರೇ ಹಿಂದೆ ತಿರುಗಿ ರಸ್ತೆ ನೋಡಿ, "ಬಸ್ಸು ಎಷ್ಟು ದೂರದಲ್ಲಿದೆ?" ಎಂದರು.

ಹೊಲದಿಂದ ಒಬ್ಬ ರೈತ ಬೋಗುಣಿಯ ಚೂರನ್ನು ಟವೆಲ್ಲಿನಲ್ಲಿ ಹಿಡಿದುಕೊಂಡು ಬಂದ. "ಇದು ನಿಮ್ದಾ ಸಾ? ನಮ್ಮ ಅಸೀನ ತಲೆ ಮ್ಯಾಲೆ ಬೀಳೋದು ಸ್ವಲ್ಪದ್ರಾಗೆ ತಪ್ತು. ಬೆದರ್ಕಂಡು ಅಗ್ಗ ಕಿತ್ಕಂಡು ಓಯ್ತು."

"ರಸ್ತೆ ಪಕ್ಕದಲ್ಲಿ ಹಸು ಕಟ್ಟೋಕೆ ಬುದ್ಧಿ ಇಲ್ವೇನಯ್ಯ ನಿಂಗೆ?" ಎಂದು ಇವರು ಅವನ ಮೇಲೇ ಹರಿಹಾಯ್ದರು.

ರೈತ ಅವರನ್ನು ಮೇಲಿಂದ ಕೆಳಗೆ ನೋಡಿ ಚೂರನ್ನು ನನ್ನ ಕಾಲ ಬಳಿ ಇಟ್ಟು ಹಸು ಹುಡುಕಲು ಹೋದ. ಮದುವೆಯಾದಾಗಿನಿಂದ ಇವರ ಮೇಲೆ ನನ್ನೊಳಗೆ ಅಲ್ಪಸ್ವಲ್ಪ ಉಳಿದಿದ್ದ ಗೌರವ ಅವನ ಹಿಂದೆಯೇ ಹೊಲ ದಾಟಿಕೊಂಡು ಹೊರಟುಹೋಯಿತು.

ಬಸ್ಸು ಬಂತು. ಇವರು ಥಟ್ಟನೆ ಬಾನೆಟ್ಟು ಎತ್ತಿ ತಲೆಯನ್ನು ಒಳಗೆ ತೂರಿಸಿ, ಏನೋ ಘನವಾದದ್ದನ್ನು ಪರೀಕ್ಷಿಸುವವರಂತೆ ಬಗ್ಗಿ ನಿಂತರು. ನಾನು ರಸ್ತೆಗೆ ಬಂದು ಕೈ ಅಡ್ಡ ಹಿಡಿದೆ. ಕಂಡಕ್ಟರು ಬಾಗಿಲಿನಿಂದ ಬಗ್ಗಿ, "ಆಗ್ಲೇ ಬುಸುಗುಟ್ಕಂಡು ಓದ್ರಲ್ಲಾ, ನೀವೇಯಾ ತಾಯಿ? ಹತ್ತಿ ಹತ್ತಿ, ಅಜ್ಜಾರ ಕೈ ಇಡ್ಕಳಿ" ಎಂದ.

"ರೀ, ಬರ್ತೀರಾ?" ಎಂದೆ.

ಬಾನೆಟ್ಟಿನ ಕೆಳಗಿನಿಂದ ಒಂದು ಕೈ ಹೊರಬಂದು, ಹೋಗು ಹೋಗು ಎಂದು ಬೀಸಿತು. ನಾವು ಹೋದೆವು. ಬಸ್ಸಿನ ತುಂಬ ನಗು. ಅಪ್ಪ ಮಾತ್ರ ನಗಲಿಲ್ಲ. ಹಿರೀಸಾವೆಗೆ ಹೊರಟಿದ್ದ ಹೆಂಗಸೊಬ್ಬಳು ಸರಿದು ಅವರಿಗೆ ಜಾಗ ಕೊಟ್ಟಳು. ನಾವು ಅತ್ತೆಯ ಮನೆ ಸೇರಿದಾಗ ನಮ್ಮ ಮಸಿ ಹತ್ತಿದ ಮುಖ ನೋಡಿ ಅವಳು ಹಾಸಿಗೆಯಿಂದ ಎದ್ದು ಕೂತಳು.

ಕಾರನ್ನು ಎರಡು ಜೊತೆ ಎತ್ತು ಕಟ್ಟಿ ಹಾಸನಕ್ಕೆ ಎಳೆಸಿದರಂತೆ. ಜಗಲಿಯಲ್ಲಿ ನಮ್ಮ ಯಜಮಾನರು ಕಥೆಯನ್ನೂ ಸುಧಾರಿಸಿದರು. ಪೆಟ್ರೋಲು ಕಲಬೆರಕೆ, ಹಿತ್ತಾಳೆ ನನ್ನ ತವರಿನವರು ಕೊಟ್ಟ ಕಳಪೆ ಮಾಲು, ಬಸ್ಸನ್ನು ಹಿಂದೆ ಹಾಕಿದ್ದಂತೂ ಹಾಕಿದ್ದೇ. ವಕೀಲರು ಹೌದೆಂದರು, ವ್ಯಾಪಾರಿಯೂ ಹೌದೆಂದ. ಇಬ್ಬರಿಗೂ ಕಾಫಿ ಕೊಡುವುದನ್ನು ನಾನು ನಿಲ್ಲಿಸಿದೆ.

ಅಪ್ಪ ಹಾಸನದ ಗ್ಯಾರೇಜಿನಲ್ಲಿ ಆ ಸೋಗನ್ನೆಲ್ಲ ಕಿತ್ತುಹಾಕಿಸಿ, ಪಿಸ್ಟನ್ ಬದಲಾಯಿಸಿ, ಬಾನೆಟ್ಟಿನ ತೂತಿಗೆ ತಗಡು ಬೆಸೆಸಿ ಕಾರನ್ನು ಅರಕಲಗೂಡಿಗೆ ತರಿಸಿಕೊಂಡರು. ಅಳಿಯಂದಿರು ಕೀಲಿಗೆ ಕೈಚಾಚಿದಾಗ, "ನಿಮಗೆ ಯಾಕೆ ತೊಂದರೆ, ರಸ್ತೆ ಕೆಲಸ ನೋಡಿಕೊಳ್ಳಿ" ಎಂದು ಕೀಲಿಯನ್ನು ನನ್ನ ಕೈಗೆ ಕೊಟ್ಟರು.

"ನನಗೆ ಬರಲ್ಲಪ್ಪ."

"ನಂಗೆ ಕಿವಿ ಇದೆ, ನಿಂಗೆ ಕಣ್ಣಿದೆ. ಕಲಿ."

ಊರಾಚೆಯ ಬಯಲಿನಲ್ಲಿ ಅಪ್ಪ ಪಕ್ಕದಲ್ಲಿ ಕೂತು ಎಂಜಿನ್ನಿನ ಸದ್ದು ಕೇಳಿಯೇ ನನ್ನ ತಪ್ಪು ಹಿಡಿಯುತ್ತಿದ್ದರು. ಹಾಸನದಲ್ಲಿ ಲೈಸೆನ್ಸು ಕೊಡುವ ಅಧಿಕಾರಿ ನನ್ನ ಹಿಂದೆ ಗಂಡಸು ಯಾರಾದರೂ ಇದ್ದಾರೆಯೇ ಎಂದು ಹುಡುಕಿ, ಇಲ್ಲವೆಂದು ತಿಳಿದು ಪರೀಕ್ಷೆ ಮಾಡಿದ. ನಾನು ಪಾಸಾದೆ. ವಾರಕ್ಕೊಮ್ಮೆ ಬಸ್ಸಿನಲ್ಲಿ ತವರಿಗೆ ಹೋಗಿ ಅಪ್ಪನನ್ನು ಹಳ್ಳಿಗಳಿಗೆ ಕರೆದೊಯ್ಯತೊಡಗಿದೆ. "ಡಾಕ್ಟ್ರ ಮಗ್ಳೇ ಓಡುಸ್ತಾವ್ಳೆ ಕಣ್ಲಾ!" ಎಂದು ಮೊದಮೊದಲು ಜನ ಓಡಿಬರುತ್ತಿದ್ದರು. ಆಮೇಲೆ ಕಾರಿನ ಹಿಂದೆ ಓಡುವುದು ಬಿಟ್ಟು ರೋಗಿಗಳನ್ನು ಕರೆತಂದರು.

ನಮ್ಮ ಯಜಮಾನರು ಆ ಕಾರಿಗೆ ಒಂದೇ ಸಲ ಮತ್ತೆ ಹತ್ತಿದ್ದು. ಶ್ರವಣಬೆಳಗೊಳದಲ್ಲಿ ಅವರ ಮೇಲಧಿಕಾರಿ ರಸ್ತೆ ತಪಾಸಣೆಗೆ ಬಂದಿದ್ದರು. ಇವರಿಗೆ ಬಸ್ಸು ತಪ್ಪಿತ್ತು, ಕಾರನ್ನು ನಾನು ಹಿಂದಿನ ದಿನ ಹೊಳೆನರಸೀಪುರಕ್ಕೆ ತಂದಿದ್ದೆ. ದಾರಿಯುದ್ದಕ್ಕೂ ಗೇರು ಹೀಗೆ ಹಾಕು, ಬ್ರೇಕು ಹಾಗೆ ಒತ್ತು ಎಂದು ನನಗೆ ಉಪದೇಶ ಮಾಡಿದರು. ಊರು ಹತ್ತಿರ ಬಂದಾಗ ದನಿ ತಗ್ಗಿಸಿ, "ಇಲ್ಲೇ ನಿಲ್ಲಿಸು, ನಡ್ಕೊಂಡು ಹೋಗ್ತೀನಿ. ಸಾಹೇಬರು ನೋಡಿದ್ರೆ ಚೆನ್ನಾಗಿರಲ್ಲ" ಎಂದರು.

ನಿಲ್ಲಿಸಿದೆ. ಕೊಡೆ, ಫೈಲು ಹಿಡಿದು ಅವರು ಇಳಿದರು. ಮಧ್ಯಾಹ್ನದ ಬಿಸಿಲಿನಲ್ಲಿ, ತಾವೇ ಹಾಕಿಸಿದ ರಸ್ತೆಯ ಗುಂಡಿಗಳನ್ನು ಬಳಸಿಕೊಂಡು ನಡೆದರು. ನಾನು ಗಾಡಿ ತಿರುಗಿಸಿಕೊಂಡು ಅಪ್ಪನ ಕಡೆಗೆ ಹೊರಟೆ.