ಲಿನಿಷ್ತೆ ಅಂದರೆ ಸಾಲಲಿಲ್ಲ

ಹೊಳೆನರಸೀಪುರದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಮೇಡಂ ಆಗಿದ್ದವಳು ನಾನು. ಕಾಮ್, ಕ್ವೈಟ್, ಪೀಸ್, ಸೆರೀನ್ ಎಲ್ಲಾ ಒಂದೇ ಎಂದು ಬರೆದ ಮಕ್ಕಳ ಕಿವಿ ಹಿಂಡಿದವಳು. ಸರಿಯಾದ ಪದ ಸಿಕ್ಕರೆ ಅರ್ಧ ಕೆಲಸ ಆದಂತೆ ಎಂಬ ಜಂಬ ಬೇರೆ. ಆ ಜಂಬ ಇಳಿದದ್ದು ಚನ್ನರಾಯಪಟ್ಟಣದಲ್ಲಿ, ನನ್ನ ತಮ್ಮನ ಮನೆಯಲ್ಲಿ.

ತಮ್ಮನ ಮಗ ಪ್ರವಾಸಿಗರ ಹಡಗೊಂದರಲ್ಲಿ ಬ್ರೆಡ್ಡು ಬೇಯಿಸುತ್ತಿದ್ದ. ಅಲ್ಲೇ ಕೆಲಸಕ್ಕಿದ್ದ ರೊಮೇನಿಯಾದ ಹುಡುಗಿಯನ್ನು ಮದುವೆಯಾಗಿ, ಊರಿಗೆ ಬಂದು ಹೈವೇ ಪಕ್ಕ ಬೇಕರಿ ಹಾಕಿದ. ಬನ್ನು ಕೊಳ್ಳಲು ಬಂದವರು ಬನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. ನನಗೋ ಅವಳ ಭಾಷೆಯ ಹುಚ್ಚು ಹಿಡಿಯಿತು. ನಾನು ಇಂಗ್ಲಿಷ್ ಪದ ಹೇಳುವುದು, ಅವಳು ಅದಕ್ಕೆ ರೊಮೇನಿಯನ್ ಹೇಳುವುದು, ನಾನು ಬರೆದುಕೊಳ್ಳುವುದು. ಕಾಮ್‌ಗೆ ಅವರಲ್ಲಿ ಕಲ್ಮ್. ಪೀಸ್‌ಗೆ ಪಾಚೆ. ಸೆರೀನ್‌ಗೆ ಸೆನಿನ್, ಮೋಡವಿಲ್ಲದ ಆಕಾಶಕ್ಕೂ ಅದೇ ಪದವಂತೆ. ಮನೆಯ ಗದ್ದಲ ಅಡಗಿದರೂ ಲಿನಿಷ್ತೆ, ಮನಸ್ಸಿನ ಗದ್ದಲ ಅಡಗಿದರೂ ಲಿನಿಷ್ತೆ. ಇನ್ನು ತಿಹ್ನ ಅಂದರೆ ಯಾರ ಅವಸರವೂ ಇಲ್ಲದೆ ಕೂತು ಉಣ್ಣುವ ನೆಮ್ಮದಿ. ಅಬ್ಬಾ, ಅದಕ್ಕೂ ಒಂದು ಪದ ಇಟ್ಟುಕೊಂಡಿದ್ದಾರಲ್ಲ! ಇಂಗ್ಲಿಷಿನಲ್ಲಿ ಅದಕ್ಕೆ ಸಮನಾದದ್ದು ನನಗೆ ಹೊಳೆಯಲೇ ಇಲ್ಲ.

ಮಗಳ ಸಂಸಾರ ನೋಡಲು ಅವಳ ತಾಯಿ ಬಂದು ಎಂಟು ದಿನವಾಗಿತ್ತಷ್ಟೆ, ಹುಡುಗಿಯ ಅಪೆಂಡಿಕ್ಸ್ ಒಡೆಯಿತು. ಹಾಸನದ ಆಸ್ಪತ್ರೆಯಲ್ಲಿ ಕೂಡಲೇ ಆಪರೇಷನ್, ತಡವಾದರೆ ಜೀವಕ್ಕೇ ಅಪಾಯ ಅಂದರಂತೆ. ಜೊತೆಗೆ ಒಬ್ಬರೇ ಇರಬೇಕೆಂದು ಗಂಡ ಮಾತ್ರ ಉಳಿದ. ಇಂಗ್ಲಿಷೂ ಬಾರದ, ಕನ್ನಡವೂ ಬಾರದ ಬೀಗಿತ್ತಿಯನ್ನು ಸಮಾಧಾನ ಮಾಡಲು ನನ್ನನ್ನು ಕರೆಸಿದರು.

ನಾನು ಆ ಪದಗಳನ್ನು ಬರೆದುಕೊಂಡ ಪುಸ್ತಕ ಹಿಡಿದೇ ಹೋದೆ. ಆಕೆ ಅಡುಗೆಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದರು. 'ಕಲ್ಮ್' ಅಂದೆ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು, ಕಣ್ಣು ಕೆಂಪಗೆ ಮಾಡಿ ನನ್ನ ಮೇಲೆ ರೇಗಿದರು. 'ಲಿನಿಷ್ತೆ' ಅಂದೆ. ಮುಖ ತಿರುಗಿಸಿದರು. 'ಪಾಚೆ' ಅಂದಾಗ ಸಾಕು ನಿಲ್ಲಿಸು ಎಂಬಂತೆ ಕೈ ಮುಗಿದುಬಿಟ್ಟರು. ನನಗೂ ಸಿಟ್ಟು ನೆತ್ತಿಗೇರಿತು. ಆದರೆ ಆಪರೇಷನ್ ಮೇಜಿನ ಮೇಲೆ ಮಲಗಿರುವುದು ಆಕೆಯ ಮಗಳು, ನನ್ನ ಮಗಳಲ್ಲವಲ್ಲ.

ಸ್ವಲ್ಪ ಹೊತ್ತಿಗೆ ಆಕೆ ಒಂದು ಬಟ್ಟಲಲ್ಲಿ ನೀರು ತಂದರು. ಮಗಳ ವೇಲನ್ನು ತೊಡೆಯ ಮೇಲೆ ಹಾಸಿಕೊಂಡು, ಏನೋ ಗೊಣಗುತ್ತಾ ಬೆಂಕಿಕಡ್ಡಿ ಗೀರಿ ನೀರಿಗೆ ಬಿಟ್ಟರು. ಇನ್ನೊಂದು ಗೀರಿದರು. ಬುದ್ಧಿ ಕೆಟ್ಟಿತೇನೋ ಎಂದು ನಾನು ಹೆದರಿದೆ. ಒಲೆಯ ಮುಂದಿದ್ದ ತಮ್ಮನ ಹೆಂಡತಿ ತಿರುಗಿ ನೋಡಿದವಳೇ, 'ಅಯ್ಯೋ ನಮ್ಮವ್ವ! ದೃಷ್ಟಿ ತೆಗೀತಾವ್ರೆ ಕಣಕ್ಕಾ!' ಅಂದಳು. ಎಂಟು ದಿನದಿಂದ ಬೀಗಿತ್ತಿಯರಿಬ್ಬರ ನಡುವೆ ಇದ್ದದ್ದು ಬರೀ ನಗು. ಈಗ ಇವಳು ಕನ್ನಡದಲ್ಲೇ, 'ಕಡ್ಡೀಲಿ ಏನಾಯ್ತದೆ, ತಡೀರಿ, ಕೆಂಡನೇ ತತ್ತೀನಿ' ಎಂದು ಹಿತ್ತಲಿನ ನೀರೊಲೆಗೆ ಓಡಿದಳು.

ತೆಂಗಿನ ಚಿಪ್ಪಿನ ಕೆಂಡವನ್ನು ಇಕ್ಕಳದಲ್ಲಿ ಹಿಡಿದು ತಂದು, ವೇಲಿನ ಸುತ್ತ ನಿವಾಳಿಸಿ ನೀರಿಗೆ ಬಿಟ್ಟಳು. ಚುಯ್ ಎಂದಿತು. ಇಬ್ಬರೂ ಒಟ್ಟಿಗೇ ಪಕ್ಕಕ್ಕೆ ತಿರುಗಿ ಮೂರು ಸಲ ಉಗಿದರು. ಒಬ್ಬರದು ಥೂ ಥೂ ಥೂ, ಇನ್ನೊಬ್ಬರದು ಪ್ತಿಯು ಪ್ತಿಯು ಪ್ತಿಯು! ಎಲ್ಲಿಯ ರೊಮೇನಿಯಾ, ಎಲ್ಲಿಯ ಚನ್ನರಾಯಪಟ್ಟಣ! ಇವರಿಬ್ಬರಿಗೂ ಇದನ್ನು ಹೇಳಿಕೊಟ್ಟ ಅಜ್ಜಿಯಂದಿರು ಯಾವ ಕಾಲದವರೋ, ಯಾವ ಒಲೆಯ ಮುಂದೆ ಕೂತಿದ್ದರೋ. ಬೀಗಿತ್ತಿ ಮತ್ತೆ ಓಡಾಡಲಿಲ್ಲ, ತಮ್ಮನ ಹೆಂಡತಿಯ ಭುಜಕ್ಕೆ ತಲೆ ಆನಿಸಿ ಕೂತರು.

ಎರಡು ಗಂಟೆ ಕಳೆದ ಮೇಲೆ ನನಗೆ ಫೋನ್ ಬಂತು. 'ಅತ್ತೆ, ಕಣ್ಬಿಟ್ಲು. ಏನೂ ಭಯ ಇಲ್ಲ ಅಂದ್ರು' ಎಂದು ಹುಡುಗ ಅಳುತ್ತಾ ಹೇಳಿದ. ಪುಸ್ತಕ ಪಕ್ಕಕ್ಕಿಟ್ಟು ಬೀಗಿತ್ತಿಯ ಕಡೆ ತಿರುಗಿದೆ. ನಗುತ್ತಾ ತಲೆಯಾಡಿಸಿದೆ. ಆ ತಾಯಿಗೆ ಅಷ್ಟೇ ಸಾಕಾಯಿತು, ಬಿಕ್ಕಿ ಬಿಕ್ಕಿ ಅತ್ತು ಹಗುರಾದರು. ಆದರೆ ಈಗ ನಾನು ಆ ಗೋಡೆಯಿಂದ ಈ ಗೋಡೆಗೆ ಓಡಾಡಲು ಶುರುಮಾಡಿದೆ ನೋಡಿ, ನಿಲ್ಲಲೇ ಇಲ್ಲ.

'ಅಕ್ಕಂಗೂ ಒಂದು ಕೆಂಡ ಬುಡಬೇಕು' ಅಂದಳು ತಮ್ಮನ ಹೆಂಡತಿ. ಬೀಗಿತ್ತಿಗೆ ಅದು ಹೇಗೆ ಅರ್ಥವಾಯಿತೋ, ಎದ್ದು ಮಣೆ ಹಾಕಿದರು. ಮೂಢನಂಬಿಕೆಯ ಮೇಲೆ ವರ್ಷವರ್ಷವೂ ಮಕ್ಕಳಿಂದ ಪ್ರಬಂಧ ಬರೆಸುತ್ತಿದ್ದ ನಾನು, ತೆಪ್ಪಗೆ ಹೋಗಿ ಆ ಮಣೆಯ ಮೇಲೆ ಕೂತೆ.