ಬೋರಲು ಹಾಕಿದ ಬುಟ್ಟಿ

ಗಂಜಿಯ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಕಾಣೆ, ನನಗೆ ಮಾತ್ರ ಚಿಕ್ಕಂದಿನಿಂದಲೂ ಅದು ಹಸಿವಿನ ವಾಸನೆ. ಅನ್ನ ಬಸಿದ ಬಿಸಿ ಗಂಜಿಗೆ ಒಂದು ಹರಳು ಉಪ್ಪು ಹಾಕಿ, ಸೀರೆಯ ಸೆರಗಿನಲ್ಲಿ ಲೋಟ ಹಿಡಿದು ಅವ್ವ ನನ್ನ ಕೈಗೆ ಕೊಡುತ್ತಿದ್ದಳು. ಊದಿ ಊದಿ ಕುಡಿಯುತ್ತಿದ್ದೆ. ಹೋದ ತಿಂಗಳು ಒಂದು ಭಾನುವಾರ, ನಮ್ಮ ಮನೆಯ ಟೆರೇಸಿನ ಮೇಲೆ, ಬಿಸಿಲಿಗೆ ಕೊಂಚ ಹುಳಿಯಾದ ಅದೇ ಗಂಜಿಯ ವಾಸನೆ ಮೂಗಿಗೆ ಬಡಿದಾಗ ಮಾತ್ರ ನನಗೆ ಹಸಿವಾಗಲಿಲ್ಲ. ಮೂವತ್ತೈದು ವರ್ಷದ ಹಿಂದಿನ ಒಂದು ಹಿತ್ತಲು ಕಣ್ಣೆದುರಿಗೆ ಬಂದು ನಿಂತಿತು. ಆ ಹಿತ್ತಲಿನ ಕಟ್ಟೆಯ ಮೇಲೆ ದಿನಾ ಸಂಜೆ ಇಬ್ಬರು ಹೆಂಗಸರು ಕೂತು ದಾರ ಹೆಣೆಯುತ್ತಿದ್ದರು, ನಗುತ್ತಿದ್ದರು. ಅವರಿಬ್ಬರನ್ನೂ ಶಾಶ್ವತವಾಗಿ ದೂರ ಮಾಡಿದವಳು ನಾನು. ಆಗ ನನಗೆ ಒಂಬತ್ತು ವರ್ಷ. ಬೇಕಾದದ್ದು ಒಂದೇ ಒಂದು ಮಾತು, ಅದನ್ನು ಆಡಿಬಿಟ್ಟೆ.

ಮೈಸೂರಿನ ಚಾಮರಾಜಪುರಂನಲ್ಲಿ, ರೈಲು ಸ್ಟೇಷನ್ನಿನಿಂದ ಕೂಗಳತೆ ದೂರದಲ್ಲಿ ಒಂದು ಹೆಂಚಿನ ಮನೆ ಇತ್ತು. ಅದರ ಒಡತಿ ಇಂದಿರಮ್ಮನವರು ಮುಂಭಾಗದಲ್ಲಿ ಒಬ್ಬರೇ ಇದ್ದರು. ಹೈಸ್ಕೂಲಿನಲ್ಲಿ ಹೊಲಿಗೆ ಟೀಚರಾಗಿದ್ದು ರಿಟೈರಾದವರು. ಹಿಂದಿನ ಔಟ್‌ಹೌಸಿನಲ್ಲಿ ನಾನು ಮತ್ತು ಅವ್ವ. ಅಪ್ಪ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದರು. ಅವ್ವ ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದ್ದಳು. ಇಲ್ಲಿಗೆ ಬರುವ ಮುಂಚೆ ಬಾಡಿಗೆಗೆ ಕೇಳಿಕೊಂಡು ಹೋದ ಕಡೆಯೆಲ್ಲ ಮೊದಲ ಪ್ರಶ್ನೆ, "ನೀವು ಯಾವ ಜನ?" ಅಂತ. ಅವ್ವ ಮುಚ್ಚಿಡುವವಳಲ್ಲ. ಹೇಳಿದ ಕೂಡಲೇ ಆ ಮನೆಗೆ ಅವರ ತಂಗಿ ಮಗನೋ ಭಾವಮೈದುನನೋ ಬರುವವನಿರುತ್ತಿದ್ದ. ಇಂದಿರಮ್ಮನವರು ಮಾತ್ರ, "ನೀರು ಬೆಳಿಗ್ಗೆ ಐದೂವರೆಗೆ ಬರುತ್ತೆ ಕಣಮ್ಮ, ಏಳೋಕಾಗುತ್ತಾ?" ಎಂದಷ್ಟೇ ಕೇಳಿದರು. ಸಾಮಾನು ಇಳಿಸಿದ ದಿನ ಬಂದು ನಮ್ಮ ಗೋಡೆಯ ಮೇಲಿನ ಬುದ್ಧನ ಪಟ ನೋಡಿ, "ಅಲ್ಲಿ ಬಿಸಿಲು ಬೀಳುತ್ತೆ, ಬಣ್ಣ ಹೋಗ್ಬಿಡುತ್ತೆ, ಆ ಕಡೆ ಗೋಡೆಗೆ ಹಾಕ್ಕೊಳ್ಳಿ" ಎಂದು ಮೊಳೆಯನ್ನೂ ಕೊಟ್ಟು ಹೋದರು. ಅವರು ಹೋದ ಮೇಲೆ ಅವ್ವ ಮೆಲ್ಲಗೆ, "ನಾವು ಯಾವ ಜನ ಅಂತ ಗೊತ್ತಾಯ್ತು ಅವ್ರಿಗೆ" ಅಂದಳು. ಗೊತ್ತಾದ ಮೇಲೂ ಏನೂ ಆಗಲಿಲ್ಲ. ಆದರೂ ಅವ್ವ, ಕಾಫಿಗೆ ಕರೆದಾಗಲೆಲ್ಲ ತನ್ನ ಲೋಟವನ್ನು ತಾನೇ ಹಿಡಿದುಕೊಂಡು ಹೋಗುತ್ತಿದ್ದಳು. ತನಗೆಂದು ಬೇರೆ ಲೋಟ ತೆಗೆದಿಡುವ ಕಷ್ಟವನ್ನು ಅವರಿಗೆ ಕೊಡಬಾರದು ಎಂದೋ, ಅದನ್ನು ಕಣ್ಣಾರೆ ಕಾಣುವುದು ಬೇಡ ಎಂದೋ, ನನಗೆ ಈಗಲೂ ತಿಳಿಯದು. ಇಂದಿರಮ್ಮನವರು ಆ ಲೋಟವನ್ನು ನೋಡಿ, ಅದಕ್ಕೇ ಕಾಫಿ ಬಗ್ಗಿಸಿದರು. ಅಡುಗೆಮನೆಯ ಹೊಸಿಲಿನ ಒಳಗೆ ಬನ್ನಿ ಎಂದು ಎಷ್ಟು ಕರೆದರೂ ಅವ್ವ ಹೋಗುತ್ತಿರಲಿಲ್ಲ. ಕೊನೆಗೆ ಅವರೇ ಹೊರಗೆ ಬಂದು ಹಿತ್ತಲ ಕಟ್ಟೆಯ ಮೇಲೆ ಕೂತರು.

ಕ್ರೋಶಾ ಶುರುವಾದದ್ದು ಆ ಕಟ್ಟೆಯ ಮೇಲೇ. ತುದಿಯಲ್ಲಿ ಸಣ್ಣ ಕೊಕ್ಕೆಯಿರುವ ಒಂದು ಸ್ಟೀಲ್ ಕಡ್ಡಿ, ಒಂದು ಉಂಡೆ ದಾರ, ಅಷ್ಟೇ ಬಂಡವಾಳ. ಅವ್ವನ ಡ್ಯೂಟಿ ಮುಗಿದು, ಅವಳ ಮೈಯಿಂದ ಫಿನಾಯಿಲ್ ವಾಸನೆ ಹೋಗುವಂತೆ ಮುಖ ಕೈಕಾಲು ತೊಳೆದು ಬರುವ ಹೊತ್ತಿಗೆ ಇಂದಿರಮ್ಮನವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕಾದಿರುತ್ತಿದ್ದರು. ಪಕ್ಕದ ದಾಳಿಂಬೆ ಗಿಡದ ನೆರಳು, ಬಚ್ಚಲ ಒಲೆಯ ಹೊಗೆ, ನಂಜನಗೂಡಿನ ಕಡೆಯ ರೈಲಿನ ಕೂಗು, ಅದರ ನಡುವೆ ಅವರ ಟೀಚರ್ ಗಂಟಲು. ಒಂದೊಂದು ಕುಣಿಕೆಗೂ ಅವರು 'ಮನೆ' ಅನ್ನುತ್ತಿದ್ದರು. "ರತ್ನಮ್ಮ, ಒಂದು ಮನೆ ಬಿಟ್ರಿ ನೋಡಿ," "ಈ ಮನೆಗೇ ಇನ್ನೊಂದು ಹಾಕಿ." ಒಂದು ಸಂಜೆ ಅವ್ವ ತಲೆಯೆತ್ತದೆ, "ಮೈಸೂರಿನಾಗೆ ನಂಗೆ ಇಷ್ಟು ಸಲೀಸಾಗಿ ಮನೆ ಸಿಕ್ತಿರೋದು ಈ ಕಡ್ಡಿ ತುದಿಯಾಗೇ ಕಣ್ರೀ ಇಂದ್ರಮ್ಮೋರೇ" ಅಂದುಬಿಟ್ಟಳು. ಇಂದಿರಮ್ಮನವರು ಒಂದು ಕ್ಷಣ ಪೆಚ್ಚಾದರು. ಆಮೇಲೆ ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವ್ವ ಹಾಗೆ ಬಾಯಿಬಿಟ್ಟು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಯ್ಯೋ, ಆಮೇಲೂ ಅಷ್ಟಾಗಿ ನೋಡಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ದಿಂಬಿನ ಅಂಚು, ರೇಡಿಯೋ ಮೇಲಿನ ಹೊದಿಕೆ, ಲೋಟ ಮುಚ್ಚುವ ಚಕ್ರ, ಎಲ್ಲ ಚಪ್ಪಟೆ ಕೆಲಸಗಳೇ. ಒಂದು ದಿನ ಅವ್ವನಿಗೆ ತಾನೇ ಸ್ವಂತ ಬುದ್ಧಿಯಿಂದ ಒಂದು ಬುಟ್ಟಿ ಮಾಡಿ ಇಂದಿರಮ್ಮನವರಿಗೆ ಕೊಡಬೇಕು ಅನ್ನಿಸಿತು. ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಬಿಳಿ ಹತ್ತಿ ದಾರದ ಎರಡು ದಪ್ಪ ಉಂಡೆ ತಂದಳು. ಎರಡೆಳೆ ಸೇರಿಸಿ ಹಿಡಿದು, ಆರು ಮನೆಯ ಪುಟ್ಟ ಸುತ್ತಿನಿಂದ ಶುರುಮಾಡಿ, ಪ್ರತಿ ಸುತ್ತಿಗೂ ಆರಾರು ಮನೆ ಹೆಚ್ಚಿಸುತ್ತ ಹೋದಳು. ತಳ ಊಟದ ತಟ್ಟೆಯ ಮುಕ್ಕಾಲಿನಷ್ಟು ಅಗಲವಾದಾಗ ಹೆಚ್ಚಿಸುವುದನ್ನು ನಿಲ್ಲಿಸಿದಳು. ನಿಲ್ಲಿಸಿದ್ದೇ ತಡ, ಅಂಚು ತಾನಾಗಿ ಮೇಲಕ್ಕೆ ಎದ್ದು ಗೋಡೆಯಾಗತೊಡಗಿತು. "ನೋಡ್ದ್ಯಾ, ನೋಡ್ದ್ಯಾ!" ಎಂದು ನನ್ನನ್ನು ಕರೆದು ತೋರಿಸಿದಳು. ಆಸ್ಪತ್ರೆಯಲ್ಲಿ ಸಾವಿರ ಕೂಸು ಎತ್ತಿಕೊಂಡ ಕೈ, ಆ ಬುಟ್ಟಿಯನ್ನೂ ಹಾಗೇ ಅಡಿಗೆ ಅಂಗೈ ಕೊಟ್ಟು ಹಿಡಿದಿತ್ತು. ಕೊಟ್ಟ ದಿನ ಇಂದಿರಮ್ಮನವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮೆತ್ತಗೆ ಬಾಗುತ್ತಿದ್ದ ಅಂಚನ್ನು ಎತ್ತಿ ಹಿಡಿದು, "ಎಷ್ಟು ಚೆನ್ನಾಗಿದೆ ಕಣಮ್ಮ! ನಾನು ಹೇಳಿಕೊಡದೆಯೇ ಮಾಡಿಬಿಟ್ಟಿದೀರಲ್ಲ!" ಅಂದರು. ಅವ್ವ ಮನೆಗೆ ಬಂದ ತಕ್ಷಣ ಇನ್ನೊಂದಕ್ಕೆ ಕೈ ಹಾಕಿದಳು.

ಆಮೇಲಿನದು ನನ್ನ ಘನಕಾರ್ಯ. ಅದಾಗಿ ಮೂರೋ ನಾಲ್ಕೋ ದಿನಕ್ಕೆ, ಸ್ಕೂಲಿಗೆ ರಜ. ನನ್ನ ಕೈಗೆ ಒಂದು ಬೇಲದ ಹಣ್ಣು ಸಿಕ್ಕಿತ್ತು. ಅದಕ್ಕೆ ತೂತು ಮಾಡಿ ಬೆಲ್ಲ ತುರುಕಬೇಕೆಂದು, ಕಟ್ಟೆಯ ಮೇಲಿದ್ದ ಇಂದಿರಮ್ಮನವರ ಕ್ರೋಶಾ ಕಡ್ಡಿ ತೆಗೆದುಕೊಂಡು ಚುಚ್ಚಿದೆ. ಕೊಕ್ಕೆ ಮುರಿಯಿತು. ಅವರಿಗೆ ಅದು ಕೆಲಸಕ್ಕೆ ಸೇರಿದ ದಿನದಿಂದ ಇಟ್ಟುಕೊಂಡಿದ್ದ ಕಡ್ಡಿಯಂತೆ. "ಕೈಗೆ ಸಿಕ್ಕಿದ್ದೆಲ್ಲ ಹಾಳು ಮಾಡ್ತೀಯಲ್ಲೇ ಸುಜಾತಾ, ಹೋಗು ಆಚೆ" ಎಂದರು. ಎಷ್ಟು ಸಣ್ಣ ಬೈಗುಳ! ನಮ್ಮವ್ವ ಆಗಿದ್ದರೆ ಬೆನ್ನ ಮೇಲೆ ಎರಡು ಬೀಳುತ್ತಿದ್ದವು. ಆದರೆ ಆ "ಹೋಗು ಆಚೆ" ನನಗೆ ಚುರುಕ್ಕೆಂದಿತು. ಮುಖ ಊದಿಸಿಕೊಂಡು ಬಚ್ಚಲ ಕಡೆಯಿಂದ ಸುತ್ತಿ ಬರುವಾಗ ಕಂಡೆ: ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಪೊರಕೆಯ ಹತ್ತಿರ, ತುಕ್ಕು ಹಿಡಿದ ಒಂದು ಪೇಂಟ್ ಡಬ್ಬದ ಮೇಲೆ ಅವ್ವನ ಬುಟ್ಟಿ ಬೋರಲಾಗಿ ಬಿದ್ದಿತ್ತು. ಮುಟ್ಟಿದೆ. ಒದ್ದೆ, ಅಂಟು ಅಂಟು. ಮೂಸಿದರೆ ಹುಳಿ ಗಂಜಿಯ ವಾಸನೆ. ಒಂದೆರಡು ನೊಣ. ನನಗೆ ಇನ್ನೇನು ಬೇಕಿತ್ತು? ಮುಸುರೆ ನೀರು ಸುರಿದಿದ್ದಾರೆ ಎಂದುಕೊಂಡೆ.

ಸಂಜೆ ಅವ್ವ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಹೇಳಿದೆ: "ಅವ್ವ, ನಿನ್ನ ಬುಟ್ಟೀನ ಬಚ್ಚಲ ತಾವ ಬಿಸಾಕವ್ರೆ. ಮುಸುರೆ ಸುರಿದವ್ರೆ. ಅದ್ರೊಳಗೆ ನೆಲ ಒರ್ಸೋ ಬಟ್ಟೆ ತುರುಕವ್ರೆ." ಕೊನೆಯದು ಹಸಿ ಸುಳ್ಳು. ಬೋರಲಾಗಿದ್ದ ಬುಟ್ಟಿಯೊಳಗೆ ಬಟ್ಟೆ ತುರುಕುವುದಾದರೂ ಹೇಗೆ? ಬೋರಲಾಗಿತ್ತು ಎಂದು ನಾನು ಹೇಳಲೇ ಇಲ್ಲ. ಅವ್ವ "ಹೌದಾ" ಅಂದಳು. ಅಷ್ಟೇ. ಅಳಲಿಲ್ಲ, ಬೈಯಲಿಲ್ಲ, ಹೋಗಿ ನೋಡಲೂ ಇಲ್ಲ. ಕಾಲು ತೊಳೆದು ಬಂದು, ಅರ್ಧಕ್ಕೆ ನಿಂತಿದ್ದ ಎರಡನೇ ಬುಟ್ಟಿಯ ತುದಿ ಹಿಡಿದು ಎಳೆದಳು. ಸರ್ರನೆ ಸುತ್ತು ಸುತ್ತಾಗಿ ಅದು ಬಿಚ್ಚಿಕೊಂಡಿತು. ದಾರವನ್ನು ಉಂಡೆ ಸುತ್ತಿ ಮೂಲೆಯಲ್ಲಿಟ್ಟಳು. ಅವತ್ತಿನಿಂದ ಕಟ್ಟೆಯ ಕಡೆ ತಾನೂ ಹೋಗಲಿಲ್ಲ, ನನ್ನನ್ನೂ ಬಿಡಲಿಲ್ಲ. ಹದಿನೈದು ದಿನದೊಳಗೆ ನಜರ್‌ಬಾದಿನಲ್ಲಿ ಒಂದು ಕೋಣೆ ಹುಡುಕಿದಳು. ನಮ್ಮ ಪಾತ್ರೆ, ಹಾಸಿಗೆಗಳ ಗಂಟುಗಳನ್ನು ಕಟ್ಟಿದ್ದು ಅದೇ ದಾರದಲ್ಲಿ. ಆಟೋಗೆ ಸಾಮಾನು ಹೇರುವಾಗ ಇಂದಿರಮ್ಮನವರು ಗೇಟಿನ ಹತ್ತಿರ ಬಂದು ನಿಂತರು. "ನನ್ನಿಂದ ಏನಾದ್ರೂ ತಪ್ಪಾಯ್ತಾ ರತ್ನಮ್ಮ? ಹೇಳಿಬಿಟ್ಟು ಹೋಗಿ" ಎಂದರು. ಅವ್ವ, "ಏನಿಲ್ಲ ಕಣ್ರೀ, ಡ್ಯೂಟಿಗೆ ದೂರ ಆಯ್ತದೆ" ಅಂದಳು. ಆಸ್ಪತ್ರೆ ನಜರ್‌ಬಾದಿಗಿಂತ ಆ ಮನೆಗೇ ಹತ್ತಿರ ಎಂಬುದು ಮೂವರಿಗೂ ಗೊತ್ತಿತ್ತು. ನಾನು ಅವ್ವನ ಸೆರಗಿನ ಹಿಂದೆ ನಿಂತಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ಮಗುಬುದ್ಧಿ ಎಂದು ನನ್ನನ್ನು ನಾನು ಬಿಟ್ಟುಬಿಡಬಹುದಿತ್ತು. ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಮಾರ್ಕೆಟ್ಟಿನಲ್ಲಿ, ಸೊಪ್ಪಿನವರ ಸಾಲಿನಲ್ಲಿ, ಯಾರೋ ನನ್ನ ಮೊಣಕೈ ಹಿಡಿದರು. ಇಂದಿರಮ್ಮನವರು. ತೀರಾ ಇಳಿದುಹೋಗಿದ್ದರು. "ಅಮ್ಮ ಚೆನ್ನಾಗಿದ್ದಾರೇನೇ? ನಾನು ಕೇಳ್ದೆ ಅಂತ ಹೇಳು. ಒಂದ್ಸಲ ಬಂದು ಹೋಗೋಕೆ ಹೇಳು" ಎಂದರು. ಹೂಂ ಎಂದೆ. ಹೇಳಲಿಲ್ಲ. ಹೇಳಿದರೆ ಅವ್ವ ಹೋದಾಳು, ಹೋದರೆ ಮಾತು ಬಂದೀತು, ಮಾತು ಬಂದರೆ ಆ ಒರೆಸುವ ಬಟ್ಟೆಯ ಸುಳ್ಳು ಹೊರಗೆ ಬಿದ್ದೀತು. ನನಗೆ ಹೆದರಿಕೆ. ಅದಾದ ಕೆಲವು ವರ್ಷಕ್ಕೆ ಅವರು ಹೋಗಿಬಿಟ್ಟರೆಂದು ಯಾರಿಂದಲೋ ತಿಳಿಯಿತು. ಹೆಂಚಿನ ಮನೆ, ಔಟ್‌ಹೌಸು, ದಾಳಿಂಬೆ ಗಿಡ, ಕಟ್ಟೆ, ಯಾವುದೂ ಈಗಿಲ್ಲ. ಆ ಜಾಗದಲ್ಲಿ ನಾಲ್ಕು ಮಹಡಿ ಎದ್ದು, ಕೆಳಗೆ ಕಾರು ನಿಲ್ಲಿಸುತ್ತಾರೆ. ಇಷ್ಟು ವರ್ಷವೂ ನಾನು ಒಂದು ಸಮಾಧಾನ ಇಟ್ಟುಕೊಂಡಿದ್ದೆ: ನಾನು ಸ್ವಲ್ಪ ಸೇರಿಸಿ ಹೇಳಿರಬಹುದು, ಆದರೆ ಬುಟ್ಟಿಯನ್ನು ಅವರು ಎಸೆದದ್ದಂತೂ ನಿಜ. ದೊಡ್ಡ ಮಾತು ನಿಜ, ಸಣ್ಣ ಮಾತು ಮಾತ್ರ ಸುಳ್ಳು.

ಆ ಸಮಾಧಾನವೂ ಹೋದ ತಿಂಗಳು ಹೋಯಿತು. ಅವ್ವನಿಗೀಗ ಎಪ್ಪತ್ತರ ಹತ್ತಿರ, ನನ್ನ ಜೊತೆಗೇ ಇದ್ದಾಳೆ. ಬೀಪಿ ಮಾತ್ರೆ, ಶುಗರ್ ಮಾತ್ರೆ, ಕಣ್ಣಿನ ಡ್ರಾಪ್ಸು ಮನೆ ತುಂಬ ಚೆಲ್ಲಾಡಿರುತ್ತವೆ. ಎಲ್ಲ ಒಂದು ಕಡೆ ಇರಲೆಂದು ಮೊಬೈಲಿನಲ್ಲಿ ನೋಡಿಕೊಂಡು ಒಂದು ಕ್ರೋಶಾ ಬುಟ್ಟಿಗೆ ಕೈ ಹಾಕಿದೆ. ಆ ಮನೆ ಬಿಟ್ಟಮೇಲೆ ಕಡ್ಡಿ ಮುಟ್ಟದ ಅವ್ವ ಎರಡು ದಿನ ಸುಮ್ಮನೆ ನೋಡಿದಳು. ಮೂರನೇ ದಿನ ತಡೆಯಲಾರದೆ, "ತಳ ಮುದುರ್ಕತಾ ಅದೆ, ಬಿಚ್ಚು. ಅಲ್ಲಿ ಒಂದೇ ಮನೆಗೆ ಎರಡು ಹಾಕ್ಬೇಕು" ಅಂದಳು. ಬುಟ್ಟಿಯೇನೋ ಮುಗಿಯಿತು. ಆದರೆ ನಿಲ್ಲುವುದಿಲ್ಲ, ಒದ್ದೆ ಕಾಲುಚೀಲದ ಹಾಗೆ ಕುಸಿಯುತ್ತದೆ. ನೂಲಿನ ಅಂಗಡಿಯ ಹೆಂಗಸನ್ನು ಕೇಳಿದೆ. "ದಟ್ಟ ಗಂಜೀಲಿ ಅದ್ದಿ, ಬುಟ್ಟಿ ಗಾತ್ರದ ಯಾವ್ದಾದ್ರೂ ಹಳೇ ಡಬ್ಬದ ಮೇಲೆ ಬೋರಲು ಹಾಕಿ ಬಿಸಿಲಿಗಿಡಿ. ಕಲ್ಲಿನಂಗೆ ನಿಂತ್ಕೊಳ್ಳುತ್ತೆ" ಎಂದಳು. ಹಾಗೇ ಮಾಡಿ ಟೆರೇಸಿನ ಮೇಲಿಟ್ಟು ಬಂದೆ. ಮಧ್ಯಾಹ್ನ ಒಣಗಿತೇ ಎಂದು ನೋಡಲು ಹತ್ತಿದವಳಿಗೆ ಹುಳಿ ವಾಸನೆ ಬಡಿಯಿತು. ಅಂಟು ಅಂಟು ಬುಟ್ಟಿ, ಬೋರಲು, ಒಂದೆರಡು ನೊಣ. ನನ್ನ ಬಾಯಿಗೆ ಬೆಂಕಿ ಬೀಳಲಿ, ಅವರು ಅದನ್ನು ಎಸೆದಿರಲಿಲ್ಲ. ಕುಸಿಯುತ್ತಿದ್ದ ಅವ್ವನ ಬುಟ್ಟಿಯನ್ನು ಗಂಜಿ ಹಾಕಿ, ಸರಿಯಾದ ಡಬ್ಬ ಹುಡುಕಿ, ಬಿಸಿಲು ಬೀಳುವ ಜಾಗ ನೋಡಿ ನಿಲ್ಲಿಸುತ್ತಿದ್ದರು. ಅಲ್ಲೇ ಬಿಸಿ ಸಿಮೆಂಟಿನ ಮೇಲೆ ಕೂತು ಅತ್ತುಬಿಟ್ಟೆ.

ಒಣಗಿದ ಬುಟ್ಟಿಯನ್ನು ಕೆಳಗೆ ತಂದು ಅವ್ವನ ಮುಂದಿಟ್ಟು ಎಲ್ಲ ಹೇಳಿದೆ. ಗಂಜಿಯದ್ದು, ಒರೆಸುವ ಬಟ್ಟೆಯದ್ದು, ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದು, ಮುಚ್ಚಿಟ್ಟಿದ್ದು. ಹೊಡೆದರೂ ಹೊಡೆಯಲಿ ಎಂದು ಕಾದೆ. ಅವ್ವ ಬುಟ್ಟಿಯ ಗೋಡೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಕೈ ತೆಗೆಯದೆಯೇ ಅಂದಳು, "ನಿಂಗೆ ಒಂಬತ್ತು ವರ್ಸ ಆಗ. ನಂಗೇನಾಗಿತ್ತು? ಹತ್ತೆಜ್ಜೆ ಎದ್ದೋಗಿ ನೋಡ್ಬೋದಾಗಿತ್ತು. ಇವತ್ತಲ್ಲ ನಾಳೆ ಇಂಗೇ ಆಯ್ತದೆ ಅಂತ ಆ ಮನೆಗೆ ಕಾಲಿಟ್ಟ ದಿನದಿಂದ ಕಾಯ್ತಿದ್ದೆ ಕಣೆ. ನೀನು ಬಂದು ಅಂಗಂದಾಗ ನಂಗೆ ದುಃಖ ಆಗ್ನಿಲ್ಲ. ಸದ್ಯ, ಗೊತ್ತಾಯ್ತಲ್ಲ ಅನ್ನಿಸ್ಬುಡ್ತು." ಹಾಗೆ ಕಾಯುವುದನ್ನು ಅವ್ವನಿಗೆ ಕಲಿಸಿದವರು ಇಂದಿರಮ್ಮನವರಲ್ಲ. ಕಲಿಸಿದವರು ಯಾರು ಯಾರೋ, ಎಷ್ಟೆಷ್ಟು ಬಾಗಿಲಿನವರೋ. ಅವರೆಲ್ಲರ ಪಾಪವನ್ನು ತೆಗೆದುಕೊಂಡು ಹೋಗಿ ನಮಗೆ ಬಾಗಿಲು ತೆರೆದ ಒಬ್ಬರ ತಲೆಗೆ ಕಟ್ಟಿದವಳು ನಾನು.

ಅವ್ವ ಮಾತ್ರೆಯ ಹಾಳೆಗಳನ್ನು ಒಂದೊಂದೇ ಎತ್ತಿ ಬುಟ್ಟಿಯಲ್ಲಿಟ್ಟಳು. ಆಮೇಲೆ ನನ್ನ ಮುಖ ನೋಡಿ, ಚಿಕ್ಕ ಹುಡುಗಿಯ ಹಾಗೆ ಕೇಳಿದಳು: "ನಾವು ಏನೂ ಹೇಳ್ದೆ ಎದ್ದೋದ್ಮೇಲೂ ಅವ್ರು ಅದನ್ನ ಇಟ್ಕೊಂಡಿದ್ರು ಅಂತೀಯಾ?"

ಹೂಂ ಅನ್ನಲು ಬಾಯಿ ತೆರೆದೆ. ಅಂದಿದ್ದರೆ ಅವಳಿಗೆ ಎಷ್ಟು ಸಂತೋಷವಾಗುತ್ತಿತ್ತು! ಆದರೆ ಕಾಣದ್ದನ್ನು ಸೇರಿಸಿ ಹೇಳಿ ನಾನು ಒಮ್ಮೆ ಮಾಡಿದ್ದು ಸಾಕಾಗಿತ್ತು.

"ಗೊತ್ತಿಲ್ಲ ಕಣವ್ವ" ಅಂದೆ.